ತುಂಬಾ ಫಾರ್ವರ್ಡು

ಕೆಲವರ ಹಿಂದೆ ಶನಿ ಬೀಳುತ್ತಾನೆ, ಏಳೂವರೆ ವರ್ಷ ಕಾಡಿ ಬಿಟ್ಟು ಹೋಗುತ್ತಾನೆ. ನನ್ನ ಹಿಂದೆ ಬಿದ್ದದ್ದು ಒಂದು ಇಂಗ್ಲಿಷ್ ಪದ. ಏಳೂವರೆ ವರ್ಷದ ಕಟ್ಟುಪಾಡೆಲ್ಲ ಅದಕ್ಕೆ ಗೊತ್ತಿರಲಿಲ್ಲ. ಫಾರ್ವರ್ಡ್. "ಮುಂದಕ್ಕೆ" ಅಂತ ಅರ್ಥ, ಎಂಟನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಬಸವನಗುಡಿಯ ಒಂದು ಕಾಲೇಜಿನ ಆಫೀಸಿನಲ್ಲಿ ಇಪ್ಪತ್ತು ವರ್ಷ ಗುಮಾಸ್ತೆಯಾಗಿ ಕೂತಿದ್ದವಳು ಹೇಳುತ್ತಿದ್ದೇನೆ, ಆ ಪದದಿಂದ ನಾನು ಒಂದು ಹೆಜ್ಜೆಯೂ ಮುಂದಕ್ಕೆ ಹೋಗಲಿಲ್ಲ. ಪ್ರಸಂಗಗಳು ಮಾತ್ರ ಆಗುತ್ತಲೇ ಇದ್ದವು. ಆಗ ನಕ್ಕವರು ಬೇರೆಯವರು. ಈಗ ನನ್ನ ಸರದಿ.

ಬೆಳಿಗ್ಗೆ ಹಿಂದೆ, ಸಾಯಂಕಾಲ ಮುಂದೆ

ತೊಂಬತ್ತರ ದಶಕದ ಶುರು. ನಾವು ಶಂಕರಪುರಂನಲ್ಲಿ ಒಂದು ಹಳೇ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಅಪ್ಪ ಕನಕಪುರದ ಆಚೆಯ ಹಳ್ಳಿಯಿಂದ ಬಂದು ಮಾವಳ್ಳಿಯಲ್ಲಿ ಕಾಫಿಪುಡಿ ಅಂಗಡಿ ಇಟ್ಟವರು. ನನಗೆ ಬಿ.ಕಾಂ. ಆಗಿತ್ತು, ಟೈಪಿಂಗ್ ಸೀನಿಯರ್ ಆಗಿತ್ತು, ಕಾಲೇಜಿನಲ್ಲಿ ಕೆಲಸ ಸಿಕ್ಕಿತ್ತು. ಜಾತಿ ಸರ್ಟಿಫಿಕೇಟಿಗಾಗಿ ಅಪ್ಪ ಮೂರು ದಿನ ಅಂಗಡಿ ಮುಚ್ಚಿ ತಾಲ್ಲೂಕು ಆಫೀಸಿಗೆ ಅಲೆದಿದ್ದರು. ಹಿಂದುಳಿದ ವರ್ಗ ಅಂತ ಬರೆಸಿ, ತಹಶೀಲ್ದಾರರ ಸಹಿ, ದುಂಡು ಮೊಹರು ಎಲ್ಲ ಹಾಕಿಸಿಕೊಂಡು ಬಂದಿದ್ದರು.

ಮೊದಲ ದಿನ ಆಫೀಸಿನ ಸೂಪರಿಂಟೆಂಡೆಂಟರು ದೊಡ್ಡ ರಿಜಿಸ್ಟರ್ ಬಿಚ್ಚಿಕೊಂಡು ಕೇಳಿದರು, "ಫಾರ್ವರ್ಡಾ, ಬ್ಯಾಕ್‌ವರ್ಡಾ?"

"ಬ್ಯಾಕ್‌ವರ್ಡ್, ಸಾರ್."

ಬರೆದುಕೊಂಡು, ಕನ್ನಡಕದ ಮೇಲಿಂದ ನೋಡಿ, "ನೋಡಿದ್ರೆ ಹಾಗೆ ಕಾಣಲ್ಲ" ಅಂದರು. ಥ್ಯಾಂಕ್ಸ್ ಹೇಳಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ಅವರು ಹೊಗಳಿದೆ ಅಂದುಕೊಂಡಿದ್ದರು.

ಸಾಯಂಕಾಲ ಮನೆಗೆ ಬಂದರೆ ಬೀದಿಗೆ ಬೀದಿಯೇ ಗೇಟಿನ ಹತ್ತಿರ ನಿಂತಿದೆ. ಮಧ್ಯಾಹ್ನದಿಂದ ಕರೆಂಟಿಲ್ಲ. ಲೈನ್‌ಮನ್ ಒಬ್ಬ ಕಂಬದ ಮೇಲಿದ್ದಾನೆ. ಹೆಂಗಸರೆಲ್ಲ ಅವನನ್ನು ನೋಡುತ್ತಿದ್ದಾರೆ, ಒಬ್ಬರೂ ಕೇಳುತ್ತಿಲ್ಲ. ಗಂಡಸರು ಆಫೀಸಿನಿಂದ ಬಂದು ಕೇಳಲಿ ಅಂತ ಕಾಯುತ್ತಿದ್ದಾರೆ. ನಾನು ಕಂಬದ ಕೆಳಗೆ ನಿಂತು, "ಏನಣ್ಣ, ಫ್ಯೂಸ್ ಹೋಗಿದ್ಯಾ? ಇನ್ನೂ ಎಷ್ಟೊತ್ತಾಗುತ್ತೆ?" ಅಂದೆ. "ಅರ್ಧ ಗಂಟೆ ಅಕ್ಕ" ಅಂದ. ಅರ್ಧ ಗಂಟೆಗೆ ಕರೆಂಟು ಬಂತು. ಅಷ್ಟೇ ನಡೆದದ್ದು.

ದೀಪ ಹಚ್ಚುವ ಹೊತ್ತಿಗೆ ಕೆಳಗಿನ ಮನೆಯ ಓನರಮ್ಮ ಮೆಟ್ಟಿಲು ಹತ್ತಿ ಬಂದು ಅಮ್ಮನಿಗೆ ಹೇಳಿದರು. "ಬೇಜಾರು ಮಾಡ್ಕೋಬೇಡಿ, ನಿಮ್ಮ ಹುಡುಗಿ ತುಂಬಾ ಫಾರ್ವರ್ಡು ಕಣ್ರೀ. ಕಂಬದ ಮೇಲಿರೋ ಗಂಡಸನ್ನೂ ಬಿಡದೆ ಮಾತಾಡಿಸ್ತಾಳಲ್ಲ!"

ನಮ್ಮಮ್ಮನಿಗೆ ಇಂಗ್ಲಿಷ್ ಬಾರದು. ಇಂಗ್ಲಿಷಿನಲ್ಲಿ ಬಂದದ್ದೆಲ್ಲ ಒಳ್ಳೆಯ ಮಾತೇ ಅಂತ ಅವಳ ನಂಬಿಕೆ. "ಎಲ್ಲಾ ನಿಮ್ಮ ಆಶೀರ್ವಾದ ಕಣಮ್ಮ" ಅಂತ ಕೂರಿಸಿ ಕಾಫಿ ಕೊಟ್ಟಳು.

ಅಪ್ಪ ಬಂದ ಮೇಲೆ ಅದನ್ನೇ ಹೆಮ್ಮೆಯಿಂದ ಹೇಳಿದಳು. ಅಂಗಡಿಗೆ ಬರುವವರ ಬಾಯಲ್ಲಿ ಅಪ್ಪ ಆ ಪದ ಕೇಳಿದ್ದರು. ಟ್ರಂಕಿನಿಂದ ಸರ್ಟಿಫಿಕೇಟಿನ ನಕಲು ತೆಗೆದುಕೊಂಡು ಕೆಳಗಿಳಿದರು. ನಾನು ಹೆದರಿ ಹಿಂದೆಯೇ ಓಡಿದೆ.

"ಅಮ್ಮಾವ್ರೇ, ನನ್ ಮಗಳು ಬ್ಯಾಕ್‌ವರ್ಡು ಅಂತ ತಹಶೀಲ್ದಾರ್ರು ಸಹಿ ಮಾಡಿ ಮೊಹರು ಹಾಕವ್ರೆ, ನೋಡಿ. ನೀವು ಫಾರ್ವರ್ಡು ಅಂದ್ರಂತೆ. ನೀವೂ ಒಂದು ಕಾಗದದಲ್ಲಿ ಬರ್ದು ಸಹಿ ಹಾಕ್ಕೊಡಿ. ಎರಡೂ ಮಡಿಕ್ಕೊಂಡಿರ್ತೀನಿ. ಯಾವ್ದಕ್ಕಾದ್ರೂ ಬೇಕಾಯ್ತದೆ."

ನೆಲ ನೋಡದ್ದಕ್ಕೆ, ನೆಲ ನೋಡಿದ್ದಕ್ಕೆ

ಕೆಲಸಕ್ಕೆ ಸೇರಿದ ಮಾರನೇ ವರ್ಷ ಗಂಡು ನೋಡಲು ಶುರು ಮಾಡಿದರು. ಹನುಮಂತನಗರದ ಒಬ್ಬ ಮದುವೆ ಬ್ರೋಕರು, ಬಿಸಿಲಿರಲಿ ಮೋಡವಿರಲಿ ಕೊಡೆ ಹಿಡಿದೇ ಬರುವ ಮನುಷ್ಯ, ಮೊದಲ ಗಂಡನ್ನು ಕರೆತಂದ. ಹುಡುಗ ಯಾವುದೋ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಅವನಪ್ಪ ಉಪ್ಪಿಟ್ಟು ತಿನ್ನುತ್ತಾ ಎಲ್ಲಾ ಕೇಳಿದರು. ಅಡಿಗೆ ಬರುತ್ತಾ, ಹಾಡು ಬರುತ್ತಾ, ಸಂಬಳ ಎಷ್ಟು, ಮದುವೆ ಆದ ಮೇಲೆ ಕೆಲಸ ಬಿಡ್ತೀಯಾ, ಕನ್ನಡಕ ಇಲ್ಲ ತಾನೇ. ಎಲ್ಲಕ್ಕೂ ಉತ್ತರ ಕೊಟ್ಟೆ. ಕೊನೆಗೆ ಅವರೇ ದೊಡ್ಡ ಮನಸ್ಸು ಮಾಡಿ, "ನೀನೂ ಏನಾದ್ರೂ ಕೇಳೋದಿದ್ರೆ ಕೇಳಮ್ಮ. ನಾವೇನು ಹಳೇ ಕಾಲದವರಲ್ಲ" ಅಂದರು.

ನಾನು ಹುಡುಗನ ಕಡೆ ನೋಡಿ ಕೇಳಿದೆ, "ನಿಮ್ಮ ಕೆಲಸ ಪರ್ಮನೆಂಟ್ ಆಗಿದ್ಯಾ?"

ಅವನ ಚಮಚ ಬಾಯಿಯ ಹತ್ತಿರವೇ ನಿಂತಿತು. ಅವನಪ್ಪ ನೀರು ಕೇಳಿದರು. ಕೇಸರಿಬಾತು ಹಾಗೇ ಉಳಿಯಿತು.

ಮೂರನೇ ದಿನ ಬ್ರೋಕರು ಬಂದು, "ಹುಡುಗಿ ಫಾರ್ವರ್ಡು ಅಂದ್ಬಿಟ್ರು" ಅಂದ.

"ಕೇಳು ಅಂದಿದ್ದು ಅವರೇ ಅಲ್ವಾ?" ಅಂದೆ.

"ನೀನು ಕೇಳಲ್ಲ ಅನ್ನೋ ಧೈರ್ಯದ ಮೇಲೆ ಕೇಳು ಅಂದಿದ್ದು ಕಣಮ್ಮ!"

ಎರಡನೇ ಗಂಡು ಬರುವ ಹೊತ್ತಿಗೆ ಅಮ್ಮ ನನಗೆ ಒಂದು ವಾರ ತಾಲೀಮು ಕೊಟ್ಟಿದ್ದಳು. ತಲೆ ಎತ್ತಬಾರದು, ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೇ. ನಾನು ಕೂತಷ್ಟು ಹೊತ್ತೂ ರೆಡ್ ಆಕ್ಸೈಡ್ ನೆಲದ ಬಿರುಕು ಎಣಿಸಿದೆ. ಹನ್ನೊಂದು ಇದ್ದವು. ಹುಡುಗ ಇನ್ಶೂರೆನ್ಸ್ ಆಫೀಸಿನವನು. ಪುಸ್ತಕ ಓದ್ತೀರಾ ಅಂದ. ಉಹೂಂ. ಸಿನಿಮಾ ನೋಡ್ತೀರಾ? ಉಹೂಂ. ಕಬ್ಬನ್ ಪಾರ್ಕಿಗೆ ಹೋಗಿದೀರಾ? ಅಮ್ಮ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಉಹೂಂ. ಅವನ ಮುಖ ಹೇಗಿತ್ತು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಚಪ್ಪಲಿ ಬಿಟ್ಟ ಕಾಲು ಚೆನ್ನಾಗಿತ್ತು.

ಬ್ರೋಕರು ಮತ್ತೆ ಬಂದ. ಈ ಸಲ ಒಳಗೂ ಬರಲಿಲ್ಲ, ಹೊಸ್ತಿಲಲ್ಲೇ ನಿಂತ.

"ಆ ಹುಡುಗ ಸ್ವಲ್ಪ ಫಾರ್ವರ್ಡಾಗಿರೋ ಹುಡುಗಿ ಬೇಕಂತಾನೆ. ನಿಮ್ಮ ಹುಡುಗಿ ತೀರಾ ಬ್ಯಾಕ್‌ವರ್ಡ್ ಅಂತೆ."

ಅಮ್ಮ ಅಲ್ಲೇ ಕುಸಿದು ಕೂತಳು. ನನಗೆ ಮೊದಲು ನಗು ಬಂತು, ಆಮೇಲೆ ಕಣ್ಣು ಉರಿಯಿತು. ಬ್ರೋಕರಿಗೂ ಪಾಪ ಅನ್ನಿಸಿರಬೇಕು. ಮೆಟ್ಟಿಲಿಳಿಯುತ್ತಾ ಕೊಡೆ ಬಿಚ್ಚಿಕೊಂಡು, ತಿರುಗಿ ಬುದ್ಧಿ ಹೇಳಿದ.

"ನೋಡಮ್ಮ, ಇನ್ಮೇಲೆ ಮುಂದೂ ಬೇಡ, ಹಿಂದೂ ಬೇಡ. ನ್ಯೂಟ್ರಲ್‌ನಲ್ಲಿ ಇರು."

ಬಹಳ ವರ್ಷ ಇದ್ದೆ. ನ್ಯೂಟ್ರಲ್‌ನಲ್ಲಿರುವ ಗಾಡಿ ಎಲ್ಲಿಗೂ ಹೋಗುವುದಿಲ್ಲ ಅನ್ನುವುದನ್ನು ಅವನು ಹೇಳಲಿಲ್ಲ.

ಮುಂದೆ ಖಾಲಿ ಇದೆ

ಹೆಂಗಸರನ್ನು ಮುಂದೆ ಹೋಗಿ, ಮುಂದೆ ಹೋಗಿ ಅಂತ ಗಂಡಸರು ಒತ್ತಾಯ ಮಾಡುವ ಜಾಗ ಈ ಊರಿನಲ್ಲಿ ಒಂದೇ ಒಂದು. ಸಿಟಿ ಬಸ್ಸು. ಮುಂದಿನ ಅರ್ಧ ನಮ್ಮದು, ಹಿಂದಿನ ಅರ್ಧ ಅವರದ್ದು. ಕಂಡಕ್ಟರು ಗಂಟಲು ಹರಿದುಕೊಳ್ಳುತ್ತಿದ್ದ, "ಮುಂದೆ ಹೋಗೀಮ್ಮಾ, ಮುಂದೆ ಖಾಲಿ ಇದೆ, ಯಾಕೆ ಹಿಂದೇನೇ ನಿಂತ್ಕೋತೀರಾ?"

ಅವತ್ತು ಆಫೀಸಿನಲ್ಲಿ ಏನೋ ಆಗಿ ಮನಸ್ಸು ಕೆಟ್ಟಿತ್ತು. "ಕಂಡಕ್ಟರೇ, ಒಂದು ದಿನ ನಮ್ಮ ಕಾಲೇಜಿಗೆ ಬಂದು ಇದನ್ನೇ ಹೇಳ್ತೀರಾ?" ಅಂದುಬಿಟ್ಟೆ.

ಅವನು ಪೆನ್ಸಿಲನ್ನು ಕಿವಿಯ ಹಿಂದಿನಿಂದ ತೆಗೆದ.

"ಟಿಕೆಟ್ ತಗೊಂಡಷ್ಟೇ ದೂರ ಮುಂದೆ, ಮೇಡಂ. ಎಲ್ಲಿಗೆ ಕೊಡ್ಲಿ?"

ಅರ್ಜಿದಾರರೊಂದಿಗೆ ಚರ್ಚಿಸಿ

ಆಫೀಸಿನಲ್ಲಿ ಆಗಿದ್ದು ಇದು. ಹೆಡ್ ಕ್ಲರ್ಕ್ ಹುದ್ದೆ ಖಾಲಿಯಾಗಿತ್ತು. ಸರ್ವಿಸಿನಲ್ಲಿ ನಾನೇ ಹಿರಿಯಳು. ಅರ್ಜಿ ಹಾಕಿದೆ. ನಮ್ಮಲ್ಲಿ ಅರ್ಜಿಯನ್ನು ನೇರವಾಗಿ ಕೊಡುವ ಹಾಗಿಲ್ಲ. ಒಬ್ಬರ ಮೇಲೆ ಒಬ್ಬರಂತೆ ಎಲ್ಲ ಮೇಲಿನವರ ಕೈಯಿಂದ ಹೋಗಬೇಕು. ಪ್ರತಿಯೊಬ್ಬರೂ ಅಂಚಿನಲ್ಲಿ "ಫಾರ್ವರ್ಡೆಡ್" ಅಂತ ಬರೆದು ಸಹಿ ಹಾಕಬೇಕು. ಓದಬೇಕು ಅಂತೇನಿಲ್ಲ.

ಸೂಪರಿಂಟೆಂಡೆಂಟರು ಹದಿನೈದು ದಿನ ಇಟ್ಟುಕೊಂಡು ಪ್ರಿನ್ಸಿಪಾಲರಿಗೆ ಫಾರ್ವರ್ಡ್ ಮಾಡಿದರು. ಪ್ರಿನ್ಸಿಪಾಲರು ಒಂದು ತಿಂಗಳು ಇಟ್ಟುಕೊಂಡು ಆಡಳಿತ ಮಂಡಳಿಯ ಸೆಕ್ರೆಟರಿಗೆ ಫಾರ್ವರ್ಡ್ ಮಾಡಿದರು. ಸೆಕ್ರೆಟರಿಯವರು ಅದರ ಮೇಲೆ "ಕಚೇರಿಯ ಅಭಿಪ್ರಾಯಕ್ಕೆ" ಅಂತ ಬರೆದು ವಾಪಸ್ ಕೆಳಕ್ಕೆ ಕಳಿಸಿದರು. ಸೂಪರಿಂಟೆಂಡೆಂಟರು "ಸಂಬಂಧಪಟ್ಟ ಗುಮಾಸ್ತರು ಟಿಪ್ಪಣಿ ಬರೆಯಲಿ" ಅಂತ ಗೀಚಿದರು. ಸಿಬ್ಬಂದಿಯ ಫೈಲುಗಳೆಲ್ಲ ನನ್ನ ಟೇಬಲ್ಲಿನವು. ಹೀಗೆ ಎರಡು ತಿಂಗಳು ಫಾರ್ವರ್ಡ್ ಆಗೀ ಆಗೀ ನನ್ನ ಅರ್ಜಿ, ಒಂದು ಸೋಮವಾರ ಬೆಳಿಗ್ಗೆ, ನನ್ನ ಅಭಿಪ್ರಾಯ ಕೇಳಿಕೊಂಡು ನನ್ನ ಮುಂದೆಯೇ ಬಂದು ಕೂತಿತು.

ಏನು ಬರೆಯುವುದು? ಇದ್ದದ್ದು ಇದ್ದ ಹಾಗೆ ಬರೆದೆ. ಅರ್ಜಿದಾರರು ಸೇವೆಯಲ್ಲಿ ಹಿರಿಯರು, ಅರ್ಹರು, ಇವರ ಮೇಲೆ ಯಾವ ದೂರೂ ಇಲ್ಲ, ಮುಂದಿನ ಆದೇಶಕ್ಕೆ. ಕೆಳಗೆ ಸಹಿ ಹಾಕಿದೆ. ಅರ್ಜಿಯಲ್ಲಿದ್ದ ಸಹಿಯೂ ಟಿಪ್ಪಣಿಯ ಸಹಿಯೂ ಒಂದೇ, ಈಗಲಾದರೂ ಯಾರಾದರೂ ಕಣ್ಣು ಬಿಟ್ಟು ನೋಡುತ್ತಾರೆ ಅಂದುಕೊಂಡೆ.

ಸಾಯಂಕಾಲ ಫೈಲು ವಾಪಸ್ ಬಂತು. ಸೂಪರಿಂಟೆಂಡೆಂಟರು ಕೆಂಪು ಶಾಯಿಯಲ್ಲಿ ಬರೆದಿದ್ದರು, "ಅರ್ಜಿದಾರರನ್ನು ಕರೆಸಿ, ಚರ್ಚಿಸಿ, ಮಂಡಿಸಿ."

ಮಾರನೇ ದಿನ ಊಟದ ಹೊತ್ತಿನಲ್ಲಿ ಎಲ್ಲರೂ ಹೊರಗೆ ಹೋದ ಮೇಲೆ ಡಬ್ಬಿ ಬಿಚ್ಚಿಕೊಂಡು ಒಬ್ಬಳೇ ಕೂತೆ. ಚಿತ್ರಾನ್ನ ಇತ್ತು. ಅರ್ಧ ತಿಂದು, ಫೈಲು ಎಳೆದುಕೊಂಡು ಬರೆದೆ.

"ಚರ್ಚಿಸಲಾಯಿತು. ಅರ್ಜಿದಾರರಿಗೆ ಬೇಸರವಾಗಿದೆ."

ಅದಕ್ಕೂ "ಫಾರ್ವರ್ಡೆಡ್" ಅಂತ ಬರೆದು ಸಹಿ ಹಾಕಿ ಮೇಲಕ್ಕೆ ಕಳಿಸಿದರು. ಹುದ್ದೆ ನನಗಿಂತ ಮೂರು ವರ್ಷ ಆಮೇಲೆ ಸೇರಿದವನಿಗೆ ಹೋಯಿತು. ಫೈಲಿಗೆ ದಾರ ಕಟ್ಟುವುದು ಹೇಗೆ ಅಂತ ಅವನಿಗೆ ಕಲಿಸಿದವಳೇ ನಾನು.

ರಿಮೋಟು

ನನ್ನ ಮದುವೆಗೆ ಕಾದೂ ಕಾದೂ ಕೊನೆಗೆ ತಂಗಿಯ ಮದುವೆ ಮಾಡಿದರು. ಚಾಮರಾಜಪೇಟೆಯಲ್ಲಿ ಛತ್ರ. ಅಪ್ಪನಿಗೆ ಆಗ ಮಂಡಿನೋವು, ಅಮ್ಮನಿಗೆ ಗಾಬರಿ. ಎಲ್ಲಾ ಓಡಾಟ ನನ್ನದೇ. ಅಡಿಗೆಯವರಿಗೆ ಹೇಳುವುದು, ಓಲಗದವರನ್ನು ಎಬ್ಬಿಸುವುದು, ಗಂಡಿನ ಕಡೆಯವರಿಗೆ ಬಿಸಿನೀರು, ಪುರೋಹಿತರಿಗೆ ದರ್ಭೆ, ಎರಡನೇ ಪಂಕ್ತಿಯಲ್ಲಿ ತುಪ್ಪ ಬರಲಿಲ್ಲ ಅಂದವರಿಗೆ ತುಪ್ಪ.

ತಿಂಗಳಾದ ಮೇಲೆ ವಿಡಿಯೋ ಕ್ಯಾಸೆಟ್ ಬಂತು. ಮೂರು ಗಂಟೆಯದು. ತಂಗಿಯ ಗಂಡನ ಮನೆಯವರು ನಮ್ಮನ್ನೂ ಕರೆದಿದ್ದರು. ಹದಿನೈದು ಜನ ಹಾಲಿನಲ್ಲಿ ಕೂತೆವು. ರಿಮೋಟು ತಂಗಿಯ ಅತ್ತೆಯ ಕೈಯಲ್ಲಿತ್ತು. ಹೊಸದಾಗಿ ಕಲಿತಿದ್ದರು.

ಮೊದಲನೇ ದೃಶ್ಯದಲ್ಲಿ ನಾನು ಛತ್ರದ ಬಾಗಿಲಲ್ಲಿ ಹೂವಿನವನ ಜೊತೆ ಜಗಳವಾಡುತ್ತಿದ್ದೇನೆ. "ಇದೇನು ನೋಡೋದು" ಅಂತ ಅತ್ತೆ ಫಾರ್ವರ್ಡ್ ಒತ್ತಿದರು. ಮುಂದಿನದರಲ್ಲಿ ನಾನು ಅಡಿಗೆಮನೆಯಲ್ಲಿ. ಫಾರ್ವರ್ಡ್. ವರಪೂಜೆಗೆ ತಟ್ಟೆ ಹಿಡಿದು ಬರುತ್ತಿದ್ದೇನೆ, ಪಕ್ಕದಲ್ಲಿದ್ದ ಯಾರೋ "ದೊಡ್ಡವಳಿಗೆ ಇನ್ನೂ ಆಗಿಲ್ವಾ?" ಅಂದರು. "ಶ್" ಅಂತ ಅತ್ತೆ ಮತ್ತೆ ಫಾರ್ವರ್ಡ್. ಅವರದ್ದು ಕೆಟ್ಟ ಮನಸ್ಸಲ್ಲ. ಯಾರಾದರೂ ಇನ್ನೊಂದು ಮಾತು ಕೇಳುವ ಮೊದಲೇ ನನ್ನನ್ನು ದಾಟಿಸಿಬಿಡೋಣ ಅನ್ನುವ ಮರ್ಯಾದೆ ಅದು. ಪರದೆಯ ಮೇಲೆ ನಾನು ಇಲಿಯ ಹಾಗೆ ಗುಡುಗುಡು ಓಡಾಡಿದೆ. ಮಕ್ಕಳು ಕೇಕೆ ಹಾಕಿ ನಕ್ಕರು. ನಾನೂ ನಕ್ಕೆ. ನಗದೆ ಏನು ಮಾಡುವುದು?

ಮೂರು ಗಂಟೆಯ ಕ್ಯಾಸೆಟ್ಟು ಇಪ್ಪತ್ತು ನಿಮಿಷಕ್ಕೆ ಮುಗಿದು, ಊಟದೆಲೆ ಎತ್ತುವುದು ಬಂತು. ಆಗ ಬೀಗರು, ಅಂದರೆ ತಂಗಿಯ ಮಾವ, ಎದ್ದು ನಿಂತು ಕೂಗಾಡಿದರು.

"ಏನೇ ಇದು? ತಾಳಿ ಕಟ್ಟಿದ್ದೇ ಬರಲಿಲ್ಲವಲ್ಲ!"

ತಂಗಿ ಮೆಲ್ಲಗೆ ಹೇಳಿದಳು, "ಆಗ ಅಕ್ಕ ನನ್ನ ಹಿಂದೆ ದೀಪ ಹಿಡ್ಕೊಂಡು ನಿಂತಿದ್ಲು ಮಾವ."

ಮೇಷ್ಟರ ಹಳೇ ಇಂಗ್ಲಿಷ್

ನಮ್ಮ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟರೊಬ್ಬರಿದ್ದರು. ಯಾರಾದರೂ ನಮಸ್ಕಾರ ಅಂದರೆ ಆ ಪದ ಎಲ್ಲಿಂದ ಬಂತು ಅಂತ ಹೇಳಿಯೇ ವಾಪಸ್ ನಮಸ್ಕಾರ ಮಾಡುವವರು. ನನ್ನ ಮೇಲೆ ಅವರಿಗೆ ಬಹಳ ಅಭಿಮಾನ. ನಿವೃತ್ತಿಗೆ ಮುಂಚೆ ಆರು ತಿಂಗಳು ಅವರೇ ಹಂಗಾಮಿ ಪ್ರಿನ್ಸಿಪಾಲರಾಗಿದ್ದರು. ಹೆಡ್ ಕ್ಲರ್ಕ್ ಹುದ್ದೆ ಮತ್ತೆ ಖಾಲಿಯಾದದ್ದೂ ಅದೇ ಹೊತ್ತಿನಲ್ಲಿ. ಹಿಂದೆ ಅದನ್ನು ಪಡೆದವನು ಬೇರೆ ಕಾಲೇಜಿಗೆ ಹೋಗಿದ್ದ. ನಮ್ಮ ಗೌಪ್ಯ ವರದಿ ಬರೆಯಬೇಕಾದವರು ಮೇಷ್ಟರು. ಈ ಸಲ ನನಗೆ ಅನುಮಾನವೇ ಇರಲಿಲ್ಲ. ಅಮ್ಮ ಕಡಲೆಕಾಯಿ ಪರಿಷೆಯ ದಿನ ಬಸವಣ್ಣನಿಗೆ ಹರಕೆ ಕೂಡ ಹೊತ್ತಿದ್ದಳು.

ಮತ್ತೆ ಸಿಗಲಿಲ್ಲ. ಸೂಪರಿಂಟೆಂಡೆಂಟರು ಕಡ್ಡಿ ಆಡಿಸುವ ಧ್ವನಿಯಲ್ಲಿ ಹೇಳಿದರು, "ನಿಮ್ಮ ಮೇಷ್ಟ್ರೇ ಬರೆದುಕೊಟ್ಟರಲ್ಲಮ್ಮ, ಈಕೆ ಫಾರ್ವರ್ಡು ಅಂತ. ಕಮಿಟಿಯವರು ಅದಕ್ಕೆ ಕೆಂಪು ಗೆರೆ ಎಳೆದು ಇಟ್ಕೊಂಡಿದಾರೆ."

ಅವತ್ತು ಸಾಯಂಕಾಲ ನಾನು ನೇರವಾಗಿ ಚಾಮರಾಜಪೇಟೆಯ ಮೇಷ್ಟರ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲು ತೆಗೆದರು. ಮೇಷ್ಟರು ಆರಾಮ ಕುರ್ಚಿಯಲ್ಲಿದ್ದರು.

"ಸಾರ್, ನನ್ನ ವರದಿಯಲ್ಲಿ ಫಾರ್ವರ್ಡ್ ಅಂತ ಬರೆದ್ರಾ?"

"ಬರೆದೆನಮ್ಮ! ಕೆಲಸದಲ್ಲಿ ಚುರುಕು, ಕರಾರುವಾಕ್ಕು, ಮೋಸ್ಟ್ ಫಾರ್ವರ್ಡ್ ಅಂತ ಬರೆದೆ. ಅದಕ್ಕಿಂತ ಒಳ್ಳೇ ಪದ ಯಾವುದಿದೆ?" ಅವರ ಮುಖದಲ್ಲಿ ಹೆಮ್ಮೆ ಹಾಗೇ ಇತ್ತು. ಎದ್ದು ಹೋಗಿ ಇಟ್ಟಿಗೆಯಂಥ ಡಿಕ್ಷನರಿ ಹೊತ್ತು ತಂದರು. "ಫೋರ್ ಅಂದ್ರೆ ಮುಂದೆ. ನಮ್ಮ ಪುರೋಹಿತ ಅನ್ನೋ ಪದದಲ್ಲಿ ಪುರಸ್ ಇದೆಯಲ್ಲ, ಅದರ ದಾಯಾದಿ. ವರ್ಡ್ ಅನ್ನೋದು ತಿರುಗುವುದು, ನಮ್ಮ ವರ್ತನೆಯ ಬೇರೂ ಅದೇ. ಮುಂದಕ್ಕೆ ಮುಖ ಮಾಡಿ ನಿಂತವಳು! ಉತ್ಸಾಹಿ, ಕೆಲಸಕ್ಕೆ ಸದಾ ಸಿದ್ಧ. ಇಲ್ಲಿ ನೋಡು, ಇದೇ ಹಳೇ ಅರ್ಥ."

"ಅದರ ಕೆಳಗೆ ಏನೋ ಇದೆಯಲ್ಲ ಸಾರ್?"

ಅವರು ಕನ್ನಡಕ ಸರಿಮಾಡಿಕೊಂಡು ಓದಿದರು. ಧ್ವನಿ ಇಳಿಯಿತು. "ಆಮೇಲೆ ಅತಿಯಾಗಿ ಸಿದ್ಧ ಅಂತ ಆಯ್ತು. ಆಮೇಲೆ... ಅಧಿಕಪ್ರಸಂಗಿ. ಹೆಂಗಸರ ವಿಷಯದಲ್ಲಿ ಇನ್ನೂ ಸ್ವಲ್ಪ..." ಮುಂದೆ ಓದಲಿಲ್ಲ.

"ಯಾವಾಗ ಹಾಗೆ ಆಗಿದ್ದು ಸಾರ್?"

"ಆಗಿ ನಾನೂರು ವರ್ಷ ಆಯ್ತಮ್ಮ."

"ನಾನೂರು ವರ್ಷ ಲೇಟಾಗಿ ವರದಿ ಬರೆದ್ರಿ ಸಾರ್."

ಮೇಷ್ಟರು ಡಿಕ್ಷನರಿಯನ್ನು ತೊಡೆಯ ಮೇಲೆ ಮುಚ್ಚಿಕೊಂಡು ಕೂತುಬಿಟ್ಟರು. ಜಗಳ ಆಡೋಣ ಅಂತ ಬಂದವಳು ನಾನು. ಕೊನೆಗೆ ಹೋಗಲಿ ಬಿಡಿ ಸಾರ್, ಹೋಗಲಿ ಬಿಡಿ ಅಂತ ನಾನೇ ಸಮಾಧಾನ ಮಾಡಬೇಕಾಯಿತು.

ಅವರ ಹೆಂಡತಿ ಕಾಫಿ ತಂದು ನನ್ನ ಕೈಗಿಟ್ಟರು. ಗಂಡನ ಕಡೆ ನೋಡದೆಯೇ ಹೇಳಿದರು.

"ಇವರ ಮಾತಿಗೆ ನೊಂದ್ಕೋಬೇಡಮ್ಮ. ಮದುವೆ ಹೊಸದರಲ್ಲಿ ನನಗೊಂದು ಕಾಗದ ಬರೆದಿದ್ರು, ನೀನು ಬಹಳ ನೈಸ್ ಅಂತ. ನಾನು ಅದನ್ನ ಪೆಟ್ಟಿಗೇಲಿಟ್ಟು ಪೂಜೆ ಮಾಡಿದೆ. ಹತ್ತು ವರ್ಷ ಆದ ಮೇಲೆ ಇವರೇ ಬಾಯಿಬಿಟ್ರು, ಆ ಪದಕ್ಕೆ ಮೂಲದಲ್ಲಿ ದಡ್ಡಿ ಅಂತ ಅರ್ಥವಂತೆ."

ಸಂಬಂಧಪಟ್ಟವರಿಗೆ

ಮೂರನೇ ಸಲವೂ ನನಗೆ ಆ ಹುದ್ದೆ ಸಿಗಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಸಿಕ್ಕೀತು ಅಂತ ಆಸೆ ಇಟ್ಟುಕೊಂಡು ಓದಬೇಡಿ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿತ್ತು. ಹೊಸ ಸೆಕ್ರೆಟರಿ ಬಂದಿದ್ದರು. ಸೈಟು, ಮನೆ ವ್ಯವಹಾರದಲ್ಲಿ ದೊಡ್ಡವರಾದವರು. ಬಂದ ತಕ್ಷಣ ತಮ್ಮ ರೂಮಿಗೆ ಕಂಪ್ಯೂಟರ್ ಹಾಕಿಸಿದರು, ಇ-ಮೇಲ್ ಮಾಡಿಸಿದರು. ಮುಟ್ಟಲು ಮಾತ್ರ ಅವರಿಗೆ ಬರುತ್ತಿರಲಿಲ್ಲ. ಇಡೀ ಆಫೀಸಿನಲ್ಲಿ ಅದು ಬರುತ್ತಿದ್ದದ್ದು ನನಗೊಬ್ಬಳಿಗೆ. ಗಾಂಧಿಬಜಾರಿನ ಒಂದು ಇನ್‌ಸ್ಟಿಟ್ಯೂಟಿನಲ್ಲಿ ಕಾಲೇಜು ಹುಡುಗಿಯರ ಮಧ್ಯೆ ಕೂತು ಕಲಿತಿದ್ದೆ. ಬೆಳಿಗ್ಗೆ ಹತ್ತಕ್ಕೆ ನಾನು ಹೋಗಿ ಅವರ ಮೇಲ್‌ಗಳನ್ನು ತೆಗೆದು, ಪ್ರಿಂಟ್ ಮಾಡಿ, ಟ್ಯಾಗ್ ಹಾಕಿ ಫೈಲಿನಲ್ಲಿಟ್ಟು ಕೊಡಬೇಕು. ಅವರು ಓದಿ ಬಾಯಲ್ಲಿ ಉತ್ತರ ಹೇಳಬೇಕು. ನಾನು ಟೈಪ್ ಮಾಡಿ ಕಳಿಸಬೇಕು. ಇದಕ್ಕೆ ಅವರು ಪೇಪರ್‌ಲೆಸ್ ಆಫೀಸ್ ಅನ್ನುತ್ತಿದ್ದರು.

ಒಂದು ದಿನ ಕಮಿಟಿಯ ಮೆಂಬರೊಬ್ಬರ ಮೇಲ್ ಬಂದಿತ್ತು. ಪ್ರಿಂಟರಿನಿಂದ ಹಾಳೆ ಹೊರಬರುವಾಗಲೇ ನನ್ನ ಹೆಸರು ಕಾಣಿಸಿತು. ಹೆಡ್ ಕ್ಲರ್ಕ್ ಹುದ್ದೆಗೆ ಈ ಹೆಂಗಸನ್ನು ಪರಿಗಣಿಸಬೇಕೇ, ತಮ್ಮ ಅಭಿಪ್ರಾಯವೇನು, ಗುಟ್ಟಾಗಿ ತಿಳಿಸಿ ಅಂತ. ಹಾಳೆ ಇನ್ನೂ ಬೆಚ್ಚಗಿತ್ತು. ಟ್ಯಾಗ್ ಹಾಕಿದೆ. ಫೈಲಿನಲ್ಲಿಟ್ಟೆ. ಕೊಟ್ಟೆ.

ಸೆಕ್ರೆಟರಿಯವರು ಓದಿದರು. ಒಂದು ಸಲ ಸೀಲಿಂಗ್ ಫ್ಯಾನ್ ನೋಡಿದರು. ಇನ್ನು ಬೇರೆ ಯಾರನ್ನಾದರೂ ಕರೆಯುತ್ತಾರೆ ಅಂದುಕೊಂಡೆ. ಕರೆಯುವುದಾದರೂ ಯಾರನ್ನು? ಗಂಟಲು ಸರಿಮಾಡಿಕೊಂಡು, "ಹೂಂ, ರಿಪ್ಲೈ ತಗೊಳ್ಳಮ್ಮ" ಅಂದರು. ಗೋಡೆ ನೋಡಿಕೊಂಡು ಇಂಗ್ಲಿಷಿನಲ್ಲಿ ಶುರು ಮಾಡಿದರು. ಸದರಿ ಮಹಿಳೆ ಕೆಲಸದಲ್ಲಿ ಅಡ್ಡಿಯಿಲ್ಲ. ಆದರೆ ಸದರಿ ಮಹಿಳೆ ಟೂ ಫಾರ್ವರ್ಡ್. ಇಂಥವರನ್ನು ಮೇಲೆ ಕೂರಿಸಿದರೆ ಆಫೀಸಿನ ಶಿಸ್ತು ಹಾಳಾಗುತ್ತದೆ. ಬೇರೆಯವರನ್ನು ನೋಡುವುದು.

ನಾನು ಟೈಪ್ ಮಾಡಿದೆ. ನನ್ನ ಬೆರಳುಗಳು ನನಗಿಂತ ಹೆಚ್ಚು ವಿಧೇಯ, ಹದಿನೈದು ವರ್ಷದ ಅಭ್ಯಾಸ, ಒಂದು ಅಕ್ಷರವೂ ತಪ್ಪಲಿಲ್ಲ. ಕೊನೆಗೆ ತಡೆಯಲಾಗದೆ ಕೇಳಿದೆ.

"ಸಾರ್, 'ಸದರಿ ಮಹಿಳೆ' ಎರಡು ಸಲ ಬಂದಿದೆ. ಎರಡನೇ ಸಲ 'ಈಕೆ' ಅಂತ ಹಾಕ್ಲಾ?"

"ಹಾಕಮ್ಮ, ಹಾಕು. ಭಾಷೆ ವಿಷಯ ನಿನಗೇ ಚೆನ್ನಾಗಿ ಗೊತ್ತು. ನೀನಿಲ್ದೆ ಇದ್ರೆ ಈ ಆಫೀಸ್ ನಡೆಯುತ್ತಾ?" ಅಂದರು. ನಿಜವಾಗಿಯೂ ಅಭಿಮಾನದಿಂದಲೇ ಅಂದರು. ಅದೇ ನನಗೆ ಇವತ್ತಿಗೂ ಅರ್ಥವಾಗದ್ದು.

"ಕಳಿಸ್ಲಾ ಸಾರ್?"

"ಕಳಿಸು."

ಕಳಿಸಿದೆ. ನನ್ನ ಬಡ್ತಿಯ ಕತ್ತನ್ನು ನನ್ನ ಬೆರಳಿನಿಂದಲೇ, ಒಂದು ಸಣ್ಣ ಟಕ್ ಅನ್ನುವ ಸದ್ದಿನಲ್ಲಿ, ಒತ್ತಿದೆ.

"ಹೋಯ್ತಾ?"

"ಹೋಯ್ತು ಸಾರ್."

"ಸರಿ. ಎರಡು ಪ್ರಿಂಟ್ ತೆಗಿ. ಒಂದು ಫೈಲಿಗೆ." ಅಭ್ಯಾಸಬಲದಿಂದ ಬಾಯಿ ಮುಂದುವರಿ‌ಯಿತು. "ಇನ್ನೊಂದು ಸಂಬಂಧಪಟ್ಟವರಿಗೆ."

ಎರಡು ಪ್ರಿಂಟ್ ತೆಗೆದೆ. ಒಂದಕ್ಕೆ ಟ್ಯಾಗ್ ಹಾಕಿ ಫೈಲಿನಲ್ಲಿಟ್ಟೆ. ಇನ್ನೊಂದನ್ನು ನಾಲ್ಕು ಮಡಿಕೆ ಮಾಡಿ ನನ್ನ ವ್ಯಾನಿಟಿ ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದೆ. ತಪಾಲು ಪುಸ್ತಕ ತೆಗೆದು, ದಿನಾಂಕ ಹಾಕಿ, "ಒಂದು ಪ್ರತಿ ಸ್ವೀಕರಿಸಿದೆ" ಅಂತ ಬರೆದು ಸಹಿ ಮಾಡಿದೆ.

"ಏನಮ್ಮ ಅದು? ಬ್ಯಾಗಿಗೆ ಯಾಕೆ ಹಾಕ್ಕೊಂಡೆ?"

"ಸಂಬಂಧಪಟ್ಟವಳು ನಾನೇ ಅಲ್ವಾ ಸಾರ್?"

ಅವರು ನನ್ನ ಮುಖ ನೋಡಿದರು, ಬ್ಯಾಗ್ ನೋಡಿದರು, ತಪಾಲು ಪುಸ್ತಕದಲ್ಲಿದ್ದ ಸಹಿ ನೋಡಿದರು. ಆಮೇಲೆ ಕುರ್ಚಿಗೆ ಒರಗಿ, ನೋವಿನಿಂದ ತಲೆಯಾಡಿಸಿದರು.

"ನೋಡು, ನೋಡು... ಇದನ್ನೇ ನಾನು ಫಾರ್ವರ್ಡ್ ಅನ್ನೋದು!"